ಬಚ್ಚಲೊಲೆಗೆ ಹಾಕಿದ ತಟ್ಟೆಗಳು

ಕೊಟ್ಟಿಗೆಹಾರ,
೨೦-೮-೨೦೦೬

ಮಾಲಿ,

ಅಕ್ಕನ ಆಶೀರ್ವಾದ ನಿನಗೆ ಯಾವಾಗಲೂ ಇದ್ದದ್ದೇ. ಸಿಟ್ಟಿನಲ್ಲಿ ಬರೆಯುತ್ತಿದ್ದರೂ ಅದೇನೂ ಕಮ್ಮಿಯಾಗಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಮಾತ್ರ ಬರೆಯಲಾರೆ. ನಾಳೆ ಬೆಳಿಗ್ಗೆ ನಿನ್ನ ಭಾವ ಮಂಗಳೂರಿಗೆ ಬರುವಾಗ ಅಮ್ಮನ ಸೀರೆ, ಒಂದು ಬಾಟಲಿ ತಿಳಿಸಾರು, ಜೊತೆಗೆ ಈ ಕಾಗದ ತರುತ್ತಾರೆ. ಕಾಗದವನ್ನು ಅಮ್ಮನ ಎದುರು ಒಡೆಯಬೇಡ. ಆಸ್ಪತ್ರೆಯ ಕೆಳಗೆ ಕ್ಯಾಂಟೀನಿದೆಯಲ್ಲ, ಅಲ್ಲಿ ಕೂತು ಓದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸದಾ ಅಮ್ಮನ ಮಂಚದ ಬದಿಯಲ್ಲೇ ಇರುತ್ತೀ, ಅಮ್ಮನಿಗೆ ಉಸಿರು ಕಮ್ಮಿಯಾಗಿದೆಯೇ ಹೊರತು ಕಿವಿ ಚೆನ್ನಾಗೇ ಇದೆ.

ಮೊನ್ನೆ ನಾನು ವಾರ್ಡಿನಿಂದ ಹೊರಡುವಾಗ ನೀನು ಒಂದು ಮಾತು ಅಂದೆ. ನರ್ಸ್ ಎದುರು, ಪಕ್ಕದ ಮಂಚದವರ ಎದುರು ಅಂದೆ. "ಸೌದೆ ಒಲೆ ಮುಂದೆ ಕೂರಿಸಿ ಕೂರಿಸಿ ಅಮ್ಮನ್ನ ಈ ಗತಿಗೆ ತಂದವಳು ನೀನೇ ಅಕ್ಕ." ನಾನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ಒಂದಕ್ಕೆರಡು ಕೊಡುವ ಹೆಂಗಸು ಹೀಗೇಕೆ ಸುಮ್ಮನಾದಳೆಂದು ನಿನ್ನ ಭಾವನಿಗೇ ಆಶ್ಚರ್ಯ. ಚಾರ್ಮಾಡಿ ಹತ್ತುವಷ್ಟೂ ಹೊತ್ತು ಬಸ್ಸಿನಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದೆ. ವಾಂತಿ ಬರುತ್ತಿದೆಯೆಂದು ಪಕ್ಕದ ಸೀಟಿನ ಹೆಂಗಸು ನಿಂಬೆಹಣ್ಣು ಕೊಟ್ಟಳು.

ಹೇಳಬೇಡವೆಂದು ಅಮ್ಮ ನನ್ನ ಕೈಹಿಡಿದು ಕೇಳಿಕೊಂಡಿದ್ದಾಳೆ. ಆದರೂ ಹೇಳುತ್ತಿದ್ದೇನೆ, ಕೇಳು. ಅಮ್ಮನ ಎದೆಗೆ ಹೋದದ್ದು ಬರೀ ಸೌದೆ ಹೊಗೆ ಅಲ್ಲ. ಥರ್ಮಾಕೋಲ್ ಹೊಗೆ. ನಮ್ಮ ಹೋಟೆಲಿನ ಪಾರ್ಸೆಲ್ ತಟ್ಟೆಗಳನ್ನು ಸುಟ್ಟ ಹೊಗೆ.

ಬೇಸಿಗೆಗೆ ಮುಂಚೆ ನೀನು ನಿನ್ನ ಕಾಲೇಜಿನ ಹುಡುಗಿಯರನ್ನು ಕಟ್ಟಿಕೊಂಡು ಬಂದು ಹೋಟೆಲಿನ ಹಿಂದಿನ ಹಳ್ಳಕ್ಕೆ ಇಳಿದೆ. ಧರ್ಮಸ್ಥಳದ ಬಸ್ಸಿನವರು ತಿಂದು ಎಸೆದ ಬಿಳಿ ತಟ್ಟೆ, ಬಿಳಿ ಡಬ್ಬಿ ಮೋರಿಗೆ ಸಿಕ್ಕಿ ನೀರು ರಸ್ತೆಗೆ ಹರಿಯುತ್ತಿತ್ತು. ಕೆಳಗೆ ಎಸ್ಟೇಟಿನ ಲೈನ್ ಮನೆಗಳ ಕೂಲಿಯವರು ಅದೇ ಹಳ್ಳದ ನೀರು ಕುಡಿಯುತ್ತಿದ್ದರು. ನೀನು ಮಾಡಿದ್ದು ಸರಿ, ಅದನ್ನು ಅವತ್ತೂ ಒಪ್ಪಿದ್ದೆ. ಆದರೆ ಪಂಚಾಯಿತಿಯಲ್ಲಿ ಎದ್ದು ನಿಂತು, ಮೊದಲು ನಮ್ಮ ಹೋಟೆಲೇ ನಿಲ್ಲಿಸಲಿ ಎಂದೆಯಲ್ಲ, ಭಾವನಿಗೆ ಒಂದು ಮಾತು ಮುಂಚೆ ಹೇಳಬಾರದಿತ್ತೆ? ಯುಗಾದಿಯಿಂದ ಯಾವ ಹೋಟೆಲಿನಲ್ಲೂ ಥರ್ಮಾಕೋಲ್ ಕೂಡದೆಂದು ಠರಾವಾಯಿತು. ಇವರೋ ಸೀಸನ್ನಿಗೆಂದು ಆಗಷ್ಟೇ ಮಾಲು ತರಿಸಿ ಇಟ್ಟಿದ್ದರು. ಏಜೆಂಟ್ ವಾಪಸು ತೆಗೆದುಕೊಳ್ಳಲಿಲ್ಲ. ಏನು ಮಾಡುವುದೆಂದು ನಿನ್ನನ್ನೇ ಕೇಳಿದೆ. ಹಳ್ಳಕ್ಕೆ ಹಾಕಬೇಡಿ, ಹೂಳಲೂ ಬೇಡಿ, ಅದು ಕೊಳೆಯುವ ವಸ್ತುವಲ್ಲ ಎಂದೆ. ಹಾಗಾದರೆ ಎಲ್ಲಿಡಲಿ ಎಂದರೆ, ಯೋಚನೆ ಮಾಡಿ ಹೇಳುತ್ತೇನೆ ಎಂದು ಬಸ್ಸು ಹತ್ತಿದೆ. ಆಮೇಲೆ ನೀನೂ ಮರೆತೆ, ನಾನೂ ಕೇಳಲಿಲ್ಲ. ಹೋಟೆಲಿನಲ್ಲಿದ್ದರೆ ದಂಡ ಹಾಕುತ್ತಾರೆಂದು ಮೂಟೆಗಳನ್ನೆಲ್ಲ ಮನೆಗೆ ಸಾಗಿಸಿ ಬಚ್ಚಲಿನ ಅಟ್ಟಕ್ಕೆ ಹಾಕಿದೆವು.

ಈ ವರ್ಷದ ಮಳೆ ನಿನಗೂ ಗೊತ್ತು. ಜೂನ್ ಮುಗಿಯುವುದರೊಳಗೆ ಸೌದೆಯೆಲ್ಲ ಥಂಡಿ ಹಿಡಿದು, ಊದಿ ಊದಿ ಅಮ್ಮನ ಕಣ್ಣು ಕೆಂಪಾಗುತ್ತಿತ್ತು. ಅಡುಗೆಮನೆಯನ್ನು ನನಗೆ ಬಿಟ್ಟುಕೊಟ್ಟರೂ ಅವಳು ಬಚ್ಚಲೊಲೆಯನ್ನು ಬಿಟ್ಟುಕೊಟ್ಟವಳಲ್ಲ. ಮಳೆಗಾಲದಲ್ಲಿ ಇಡೀ ಮನೆಗೆ ಬೆಚ್ಚಗಿರುವ ಜಾಗ ಅದೊಂದೇ ನೋಡು. ಗಾಳಿ ಬರುತ್ತದೆಂದು ಕಿಟಕಿಗೆ ಗೋಣಿ ಕಟ್ಟಿ, ಹಂಡೆಯ ಬುಡದಲ್ಲಿ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದಳು. ನಮ್ಮ ಕಡೆ ಮನೆಗೆ ಬೇಡವಾದದ್ದೆಲ್ಲ ಹೋಗುವುದೂ ಅಲ್ಲಿಗೇ, ಅಡಿಕೆ ಸಿಪ್ಪೆ, ಕಾಫಿ ರೆಂಬೆ, ಹರಿದ ಚಾಪೆ. ಒಂದು ದಿನ ಒಂದು ತಟ್ಟೆ ಮುರಿದು ಹಾಕಿ ನೋಡಿದಳು. ಹಸಿ ಸೌದೆ ಭಗ್ಗನೆ ಹತ್ತಿಕೊಂಡಿತು. ಅವಳಿಗೆ ಎಷ್ಟು ಖುಷಿ ಅಂತೀ! ಮಾಲಿಯ ತಲೆನೋವೂ ಕಳೆಯಿತು, ನನ್ನ ಒಲೆಯೂ ಉರಿಯಿತು ಎಂದಳು. ನಮಗೂ ಸರಿಯೆನಿಸಿತು. ಹಳ್ಳಕ್ಕೆ ಹಾಕಲಿಲ್ಲ, ಹೂಳಲಿಲ್ಲ, ನೀನು ಹೇಳಿದಂತೆಯೇ ನಡೆದೆವು ಎಂದುಕೊಂಡೆವು.

ಭೀಮನ ಅಮಾವಾಸ್ಯೆಗೆ ನೀನು ಬಂದಿದ್ದೆಯಲ್ಲ. ಎಣ್ಣೆ ಹಚ್ಚಿಸಿಕೊಂಡು ಸ್ನಾನಕ್ಕೆ ಕೂತವಳು, ಈ ಜಡಿಮಳೆಯಲ್ಲೂ ಇಷ್ಟು ಸುಡುನೀರು ಕಾಯಿಸುವುದು ಅಮ್ಮನಿಗೆ ಮಾತ್ರ ಗೊತ್ತು ಎಂದು ಹೊಗಳಿದೆ. ಏನೋ ವಾಸನೆ ಎಂದೂ ಕೇಳಿದೆ. ಪ್ಲಾಸ್ಟಿಕ್ ಬಾಲ್ದಿಗೆ ಬೆಂಕಿ ತಾಗಿತು ಎಂದಳು ಅಮ್ಮ. ನೀನು ಬೈಯುತ್ತೀ ಎಂಬ ಹೆದರಿಕೆ, ಅಷ್ಟೇ. ಮಗಳು ಇನ್ನೆರಡು ತಂಬಿಗೆ ಹೊಯ್ದುಕೊಳ್ಳಲಿ ಎಂದು ಮತ್ತೊಂದು ತಟ್ಟೆ ತುರುಕಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಇದನ್ನು ಬರೆಯಬಾರದಿತ್ತೇನೋ, ಬರೆದಾಯಿತು.

ಅವಳ ಉಬ್ಬಸ ಹಳೆಯದು, ಪ್ರತಿ ಮಳೆಗಾಲಕ್ಕೂ ಬಂದು ಹೋಗುತ್ತಿತ್ತು. ಈ ಸಲ ಹೋಗಲಿಲ್ಲ. ಮಂಗಳೂರಿನ ಡಾಕ್ಟರು ನನ್ನೊಬ್ಬಳನ್ನೇ ಕರೆದು, ಮನೆಯಲ್ಲಿ ಏನು ಸುಡುತ್ತೀರಿ ಎಂದು ಕೇಳಿದರು. ಹೇಳಿದೆ. ಮೊದಲೇ ಸೋತ ಎದೆ, ಮುಚ್ಚಿದ ಕೋಣೆಯಲ್ಲಿ ದಿನಾ ಆ ಕರಿಹೊಗೆ ಕುಡಿದರೆ ಹೇಗೆ ತಡೆಯುತ್ತದೆ ಎಂದರು. ಇನ್ನು ಹೆಚ್ಚು ದಿನದ ಮಾತಲ್ಲ ಎಂದೂ ಹೇಳಿದರು. ಅದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ, ಮಾಲಿ.

ಡಾಕ್ಟರು ಏನಂದರೆಂದು ಪೀಡಿಸಿ ಪೀಡಿಸಿ ಅಮ್ಮನೂ ತಟ್ಟೆ ಹೊಗೆಯ ವಿಷಯ ನನ್ನ ಬಾಯಿಂದ ಹೊರಡಿಸಿದಳು. ಮೂಗಿನ ಪೈಪು ಸರಿಸಿ, ತಡೆದು ತಡೆದು ಹೇಳಿದಳು. "ಮಾಲಿಗೆ ಹೇಳ್ಬೇಡ ಕಣೆ. ಅವಳು ಮಾಡಿದ್ದು ಒಳ್ಳೇ ಕೆಲಸ. ತನ್ನಿಂದ ಹೀಗಾಯ್ತು ಅಂತ ಗೊತ್ತಾದ್ರೆ ಆ ಹುಡುಗಿ ತಡ್ಕೊಳ್ಳಲ್ಲ." ಹೂಂ ಎಂದೆ. ನಾನು ತಡೆದುಕೊಳ್ಳುತ್ತೇನೋ ಇಲ್ಲವೋ ಎಂದು ಅವಳು ಕೇಳಲಿಲ್ಲ ನೋಡು. ಹಿರಿಯವಳು ಕಲ್ಲು ಎಂದೇ ಎಲ್ಲರ ಎಣಿಕೆ. ನನಗೂ ಹೊಟ್ಟೆ ಉರಿಯುತ್ತದೆ ಮಾರಾಯ್ತಿ.

ನಿನ್ನೆ ಗ್ರಾಮಸಭೆ ಇತ್ತು. ಥರ್ಮಾಕೋಲಿನ ಠರಾವು ತೆಗೆಸಬೇಕೆಂದು ಬಸ್ ಸ್ಟ್ಯಾಂಡ್ ಹೋಟೆಲಿನ ನಾಗೇಶ ಎಲ್ಲ ಹೋಟೆಲಿನವರನ್ನೂ ಒಟ್ಟು ಮಾಡಿದ್ದ. ನಾವು ತಟ್ಟೆ ಸುಟ್ಟ ಸುದ್ದಿ ಹೇಗೋ ಅವನ ಕಿವಿಗೆ ಬಿದ್ದಿತ್ತು. ಸತ್ಯಕ್ಕ, ನೀವು ಎದ್ದು ನಿಂತು, ನಡೆದದ್ದನ್ನು ಹೇಳಿ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದ. ಸುಳ್ಳು ಹೇಳಿ ಎಂದೇನೂ ಅವನು ಕೇಳಲಿಲ್ಲ. ಎಲೆಯಲ್ಲಿ ಕಟ್ಟಿದ ಪಾರ್ಸೆಲ್ ಸೋರುತ್ತದೆಂದು ಬಸ್ಸಿನವರು ನಮ್ಮಲ್ಲಿ ತಗೊಳ್ಳುವುದೇ ಕಮ್ಮಿಯಾಗಿದೆ, ಠರಾವು ಹೋಗಲೆಂದು ನನಗೂ ಆಸೆ ಇತ್ತು, ಮುಚ್ಚಿಡುವುದೇಕೆ? ಅಮ್ಮನಿಗೆ ಹೇಗಾಯಿತಮ್ಮ ಎಂದು ಅಧ್ಯಕ್ಷರೇ ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಸೌದೆ ಹೊಗೆ. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು ಹೇಳಿ ಕೂತೆ. ನಿನ್ನ ಠರಾವು ಉಳಿಯಿತು. ನಾಗೇಶ ಇವತ್ತು ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ.

ಊರಿಗೆ ಸುಳ್ಳು ಹೇಳಿದವಳು ನಿನಗೇಕೆ ನಿಜ ಬರೆಯುತ್ತಿದ್ದೇನೆ ಅಂತೀಯ? ಸಿಟ್ಟು, ಅದಂತೂ ಇದೆ. ಆದರೆ ಬರೀ ಸಿಟ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಗಣೇಶನ ಹಬ್ಬ ಕಳೆದ ಮೇಲೆ ಮೂಡಿಗೆರೆಯ ಹೋಟೆಲುಗಳಲ್ಲೂ ಇದನ್ನು ನಿಲ್ಲಿಸುತ್ತೇನೆ ಎಂದು ನೀನು ಅಮ್ಮನ ಹತ್ತಿರ ಹೇಳುತ್ತಿದ್ದೆ. ನಿಲ್ಲಿಸು, ಹಿಂಜರಿಯಬೇಡ. ಆದರೆ ಅವರ ಮನೆಗಳಲ್ಲೂ ಅಟ್ಟ ಇದೆ, ಬಚ್ಚಲೊಲೆ ಇದೆ, ಒಲೆಯ ಮುಂದೆ ಚಳಿ ಕಾಯಿಸುವ ಮುದುಕಿ ಇದ್ದಾಳೆ. ಬಂದ್ ಮಾಡಿ ಎನ್ನುವ ಮೊದಲು ಉಳಿದ ಮಾಲನ್ನು ಮಾರಿದವರೇ ವಾಪಸು ಒಯ್ಯುವಂತೆ ಮಾಡು, ಇಲ್ಲವೇ ಲಾರಿ ತಂದು ನೀನೇ ಎತ್ತಿಸು. ಯಾವ ಮನೆಗೂ ಅದು ಹೋಗಬಾರದು.

ನಿನ್ನಿಂದ ಆಯಿತು ಎಂದು ನಾನು ಬರೆಯುತ್ತಿಲ್ಲ. ತರಿಸಿದವರು ನಿನ್ನ ಭಾವ, ಮನೆಗೆ ಹೊತ್ತವಳು ನಾನು, ಬೆಂಕಿಗೆ ಹಾಕಿದವಳು ಅಮ್ಮ. ಯಾರನ್ನು ಬೈಯಲಿ? ನೀನು ಹೊತ್ತು ಹೊತ್ತಿಗೆ ಊಟ ಮಾಡು, ಅಮ್ಮನಿಗೆ ಸಾರು ಬೆಚ್ಚಗೆ ಮಾಡಿ ಕೊಡು.

ಇತಿ ನಿನ್ನ ಅಕ್ಕ,
ಸತ್ಯವತಿ

ವಿ.ಸೂ. ಓದಿ ಮುಗಿಸಿದ ಮೇಲೆ ಮುಖ ತೊಳೆದುಕೊಂಡು ಮೇಲೆ ಹೋಗು. ಗುರುವಾರ ನಾನು ಬರುತ್ತೇನೆ. ಬಂದಾಗ ಅಮ್ಮನ ಎದುರು ನನ್ನನ್ನು ಮೊನ್ನೆಯ ಹಾಗೆಯೇ ಬೈಯಬೇಕು, ಸೌದೆ ಒಲೆ ಎಂದೇ ಬೈಯಬೇಕು. ನೀನು ಬೈಯುವುದನ್ನು ನಿಲ್ಲಿಸಿದರೆ ನಾನು ಹೇಳಿಬಿಟ್ಟೆನೆಂದು ಅವಳಿಗೆ ಗೊತ್ತಾಗುತ್ತದೆ. ಅವಳು ಇರುವಷ್ಟು ದಿನ ಬೈಯುತ್ತಿರು.