ಹೊರಗಿನಿಂದ ಮುಟ್ಟಿ ನೋಡು

ಸೆರಂಗೂನ್, ಸಿಂಗಪುರ
೧೬ ಜೂನ್ ೨೦೨೪, ಭಾನುವಾರ

ಪ್ರೀತಿಯ ತಮ್ಮ ಕಿರಣಾ,

ಹೇಗಿದ್ದೀಯೋ? ಬಲಗಣ್ಣಿಗೆ ಆಯಾಸವಾಗುತ್ತಿಲ್ಲ ತಾನೆ? ಡ್ರಾಪ್ಸ್ ಹಾಕಿಕೊಳ್ಳುವುದನ್ನು ತಪ್ಪಿಸಬೇಡ. ಫೋನಿನ ಪರದೆ ನೋಡಿದರೆ ನಿನಗೆ ತಲೆ ನೋಯುತ್ತದೆ ಎಂದು ಅವ್ವ ಹೇಳಿದಳು. ಕರೆ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ, ದಪ್ಪ ಪೆನ್ನು. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನೋಡಿ ನಗು, ನೀನು ನಕ್ಕರೆ ನನಗೆ ಸಂತೋಷವೇ.

ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ನವ್ಯಾಗೆ ಏಳು ತುಂಬಿತು. ಕೆಳಗೆ ವಾಯ್ಡ್ ಡೆಕ್‌ನಲ್ಲಿ, ಅಂದರೆ ನಮ್ಮ ಕಟ್ಟಡದಡಿಯ ತೆರೆದ ಜಾಗದಲ್ಲಿ, ಸೈಕಲ್ ಕಲಿಯುತ್ತಿದ್ದಾಳೆ. "ಮಾಮಾ ಯಾಕ್ ನಮ್ ಮನೆಗೆ ಬರಲ್ಲ? ಕರಿ ಲಾ!" ಎಂದು ಇಲ್ಲಿಯವರಂತೆ ಮಾತಿಗೆ 'ಲಾ' ಹಚ್ಚಿ ಪ್ರಾಣ ತಿನ್ನುತ್ತಾಳೆ.

ದಿನಾ ಎಕ್ಸ್‌ಪೋ ಸ್ಟೇಷನ್ನಿನಲ್ಲಿ ಇಳಿದು ಅದೇ ಆಫೀಸಿಗೆ ಹೋಗುತ್ತೇನೆ. ಕಾಲೇಜುಗಳಿಗೆ ಆನ್‌ಲೈನ್ ಕೆಮಿಸ್ಟ್ರಿ ಲ್ಯಾಬ್ ಕಟ್ಟುವ ಅದೇ ಕೆಲಸ. ಲಾಕ್‌ಡೌನಿನಲ್ಲಿ ನಿನ್ನ ಬಿ.ಎಸ್ಸಿ. ಕ್ಲಾಸು ನಿಂತಾಗ ಸಂಜೆ ಸಂಜೆ ನಾವು ಆ ಲ್ಯಾಬಿನಲ್ಲೇ ಸೇರುತ್ತಿದ್ದೆವಲ್ಲ, ನೀನು ಗದಗದಿಂದ, ನಾನು ಇಲ್ಲಿಂದ. ಪರದೆಯಲ್ಲಿ ನಿನ್ನ ಬದಲಿಗೆ ಓಡಾಡುವ ಗೊಂಬೆಗೆ ನೀನು ಹುರಿಮೀಸೆ ಇಟ್ಟಿದ್ದೆ, ಕಳ್ಳ! ಲ್ಯಾಬ್ ಪರೀಕ್ಷಿಸಲು ನನಗೊಬ್ಬ ಸಿಕ್ಕ, ನಿನಗೆ ಪಾಠವೂ ಆಯಿತು ಎಂದು ಎಷ್ಟು ಹೆಮ್ಮೆಪಟ್ಟಿದ್ದೆ. "ಹೆದರಬ್ಯಾಡ, ತಪ್ಪಾದ್ರ ಲ್ಯಾಬ ತಡೀತೈತಿ" ಎಂದು ನಾನೇ ಹೇಳಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ ಅಪ್ಪ ಮಾತ್ರ ನಿನ್ನ ಹಿಂದಿನಿಂದ ಇಣುಕಿ, "ಬೀಕರ್ ಹೊರಗಿಂದ ಮುಟ್ಟಿ ನೋಡಾಕ ಬರಂಗಿಲ್ಲ, ಇದೆಂಥಾ ಲ್ಯಾಬ್ ಯವ್ವಾ?" ಎಂದಿದ್ದ. ನೀರಿಗೆ ಆಸಿಡ್ ಬಿಡುವಾಗ ಅವನು ಬೆರಳ ಹಿಂಬದಿಯಿಂದ ಬೀಕರ್ ಮುಟ್ಟಿ ಮುಟ್ಟಿ ಬಿಸಿ ನೋಡುತ್ತಿದ್ದ. ನನಗೆ ಹಾಗೆಯೇ ಕಲಿಸಿದ. ನಿನಗೆ ಕಲಿಸುವುದನ್ನು ನಾನು ವಹಿಸಿಕೊಂಡೆ. ಅಪ್ಪನ ಮಾತಿಗೆ ಅಂದು ಇಬ್ಬರೂ ನಕ್ಕುಬಿಟ್ಟೆವು.

ಕಾಲೇಜು ತೆರೆದ ಮೇಲೆ ಮೊದಲನೇ ಪ್ರಾಕ್ಟಿಕಲ್‌ನಲ್ಲೇ, ನೀರಿಗೆ ಆಸಿಡ್ ಬಿಡಬೇಕಾದಲ್ಲಿ, ನೀನು ಆಸಿಡ್‌ಗೆ ನೀರು ಸುರಿದೆ. ಅದು ಕುದಿದು ಸಿಡಿದು ಎಡಗಣ್ಣು ಹೋಯಿತು. ಆಸ್ಪತ್ರೆಯಿಂದ ನೀನು ಫೋನಿನಲ್ಲಿ, "ಅಕ್ಕಾ, ಅಲ್ಲಿ ಅಷ್ಟ ಸಲ ಮಾಡೀನಿ, ಇಲ್ಲಿ ಹ್ಯಾಂಗ ಮರತೆ?" ಎಂದು ಕೇಳಿದೆ. ಆಗಿದ್ದು ಆಗಿಹೋಯಿತು ಬಿಡೋ ಎಂದೆ ನಾನು. "ನನ್ನ ಮಗ ಆಗಿ ಇಷ್ಟೂ ಗೊತ್ತಾಗಲಿಲ್ಲೇನು?" ಎಂದ ಅಪ್ಪ ಮೂರು ವರ್ಷದಿಂದ ನಿನ್ನ ಜೊತೆ ಮಾತಾಡಿಲ್ಲ. ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಊಟಕ್ಕೆ ಕೂರುತ್ತೀರಂತೆ. ನೀನು ಓದು ಬಿಟ್ಟು ಜೆರಾಕ್ಸ್ ಅಂಗಡಿ ಸೇರಿದೆ. "ಕೆಮಿಸ್ಟ್ರಿ ನನ್ನ ತಲೆಗೆ ಹತ್ತುವಂಥದ್ದಲ್ಲ" ಎನ್ನುತ್ತೀಯಂತೆ. ಅವ್ವ ಇದನ್ನು ಹೇಳಿ ಅತ್ತಳು, ನಾನೂ ಅತ್ತೆ.

ಶುಕ್ರವಾರ ಶಾಲೆಯ ಮಕ್ಕಳು ನಮ್ಮ ಲ್ಯಾಬ್ ನೋಡಲು ಬಂದಿದ್ದರು. ಒಬ್ಬ ಹುಡುಗಿ ಆಸಿಡ್‌ಗೆ ನೀರು ಸುರಿದಳು. ತಕ್ಷಣ ಪರದೆ ಕೆಂಪಾಗಿ ಎಲ್ಲವೂ ನಿಂತಿತು. ಅವಳು ಬೆಚ್ಚಿ ಕೈ ಹಿಂದೆಳೆದುಕೊಂಡಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಪ್ಪ ಅವ್ವನ ಕಾಲಿಗೆ ನನ್ನ ನಮಸ್ಕಾರ. ನಿನ್ನ ತಲೆಯನ್ನು ಇಲ್ಲಿಂದಲೇ ಸವರುತ್ತಿದ್ದೇನೆ, ಒಳ್ಳೆಯದಾಗಲಿ ಮಗಾ.

ನಿನ್ನ ಅಕ್ಕ,
ಶೈಲಶ್ರೀ

ವಿ.ಸೂ.: ಅಂಚೆಗೆ ಹಾಕುವ ಮೊದಲು ಬರೆದುಬಿಡುತ್ತೇನೆ, ಇಲ್ಲವಾದರೆ ಮತ್ತೆ ಧೈರ್ಯ ಬರುವುದಿಲ್ಲ. ಕಿರಣಾ, ನೀನು ಏನನ್ನೂ ಮರೆತಿರಲಿಲ್ಲ. ಪರದೆ ಕೆಂಪಾಗುವ ಆ ತಡೆಯಿಂದ ಲ್ಯಾಬಿನ ಡೆಮೊ ವಿಡಿಯೊ ನಡುವೆ ನಿಲ್ಲುತ್ತಿತ್ತೆಂದು, ಲಾಕ್‌ಡೌನಿನಲ್ಲಿ ನೀನು ಕಲಿಯುತ್ತಿದ್ದಾಗಲೇ, ಎರಡು ವಾರ ಅದನ್ನು ನಾನೇ ಆಫ್ ಮಾಡಿದ್ದೆ. ನಿನಗೆ ಹೇಳಲಿಲ್ಲ. ಆ ದಿನಗಳಲ್ಲಿ ನೀನು ಆಸಿಡ್‌ಗೆ ನೀರು ಸುರಿದದ್ದು ನಲವತ್ತೊಂದು ಸಲ, ರೆಕಾರ್ಡ್ ನನ್ನ ಹತ್ತಿರವೇ ಇದೆ. ಒಂದು ಸಲವೂ ಲ್ಯಾಬ್ ತಡೆಯಲಿಲ್ಲ. ನಾನು ಕಲಿಸಿದ್ದನ್ನೇ ನೀನು ಮಾಡಿದೆ. ನನ್ನ ತಪ್ಪನ್ನು ಮೂರು ವರ್ಷ ನಿನ್ನ ಮೇಲೆ ಬಿಟ್ಟು ಸುಮ್ಮನಿದ್ದೆ. ಇಷ್ಟನ್ನು ಅಪ್ಪನಿಗೆ ನೀನೇ ಓದಿ ಹೇಳು. ಆಮೇಲೆ ಇಬ್ಬರೂ ನನ್ನ ಜೊತೆ ಮಾತು ಬಿಟ್ಟರೂ ಸರಿ, ಒಟ್ಟಿಗೆ ಊಟಕ್ಕೆ ಕೂರಿ.