ಜಪ್ತಿಯಾದ ಕೂಸಿನ ಗಾಡಿ ಮತ್ತು ನಮ್ಮ ಭಾನುವಾರಗಳು

ಉದ್ಯಾನವನ ಹಾಗೂ ಪಾದಚಾರಿ ಮಾರ್ಗಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಅನಘಾ ಕೂತು ಓಡಾಡುವ ಗಾಡಿಯನ್ನು ತಮ್ಮ ಕಚೇರಿ ಬೀದಿಬದಿ ವ್ಯಾಪಾರದ ತಳ್ಳುಗಾಡಿಯೆಂದು ತೀರ್ಮಾನಿಸಿ ಜಪ್ತಿ ಮಾಡಿಕೊಂಡಿದೆ. ಅವಳಿಗೆ ಆಗ ಐದು ತಿಂಗಳು. ಅವಳು ಏನನ್ನೂ ಮಾರುತ್ತಿರಲಿಲ್ಲ. ಇದನ್ನು ತಮ್ಮ ಕೈಕೆಳಗಿನವರಿಗೆ ಮನವರಿಕೆ ಮಾಡಿಕೊಡಲು ನಾನು, ನನ್ನ ಗಂಡ, ಅತ್ತೆ ಮೂವರೂ ಸೋತ ಮೇಲೆ ಹೀಗೆ ನಾಲ್ಕು ಜನರೆದುರು ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಹೆರಿಗೆಯಾದ ಮೇಲೆ ನಾನು ಮನೆಯಿಂದ ಹೊರಬಿದ್ದದ್ದು ಆಸ್ಪತ್ರೆಗೆ ಮಾತ್ರ. ಬಸವೇಶ್ವರನಗರದ ನಮ್ಮ ಮನೆಯ ಕಿಟಕಿಗೆ ಕಾಣುವುದು ಎದುರುಮನೆಯ ಕಿಟಕಿ. ಸಕ್ಕರೆ ಡಬ್ಬಿ ಖಾಲಿಯಾದರೂ ಅಳು ಬರುತ್ತಿತ್ತು. ಮಗುವಿನ ಡಾಕ್ಟರು ಮಗುವನ್ನು ಬಿಟ್ಟು ನನ್ನ ಮುಖ ನೋಡಿ, ಇಬ್ಬರೂ ದಿನಾ ಬೆಳಿಗ್ಗೆ ಗಾಳಿಗೆ ಹೋಗಿ ಅಂದರು. ಗದಗದಿಂದ ಬಾಣಂತನಕ್ಕೆ ಬಂದಿದ್ದ ನನ್ನ ಅತ್ತೆ ಕಸ್ತೂರೆವ್ವ ಅಂದೇ ಮಗುವಿಗೆ ಟೋಪಿ ಹೊಲಿದರು. ನನ್ನ ಗಂಡ ರುದ್ರೇಶ್ ನಾಲ್ಕು ಚಕ್ರದ, ನೆರಳಿಗೆ ಕೊಡೆಯಿರುವ, ಹಸಿರು ಬಣ್ಣದ ಸ್ಟ್ರಾಲರ್ ತಂದರು. ಮುಂದಿನ ಭಾನುವಾರ ಬೆಳಿಗ್ಗೆ ನಾವು ನಾಲ್ವರೂ ಬಡಾವಣೆಯ ಪಾರ್ಕಿಗೆ ಹೊರಟೆವು. ಯಾತ್ರೆಗೆ ಹೊರಟವರಷ್ಟೇ ಸಂಭ್ರಮ ನಮಗೆ.

ಗೇಟಿನಲ್ಲಿ ಕಾವಲುಗಾರ ನಂಜುಂಡಪ್ಪ ಕೈ ಅಡ್ಡ ಹಿಡಿದರು. ವಾಹನಗಳಿಗೆ ಪ್ರವೇಶವಿಲ್ಲ ಎಂದು ತಾವೇ ಬರೆಸಿದ ಫಲಕವಿದೆಯಂತೆ. ಇದು ಮಗುವಿನ ಗಾಡಿ ಎಂದು ರುದ್ರೇಶ್ ಹೇಳಿದರು.

"ಮಗು ಕಾಣ್ತಾ ಇದೆ ಸಾರ್, ನಾನೇನು ಕುರುಡನಾ? ಆದ್ರೆ ಚಕ್ರಾನೂ ಕಾಣ್ತಾ ಇದ್ಯಲ್ಲ," ಅಂದರು ನಂಜುಂಡಪ್ಪ.

ಅವರು ಕೆಟ್ಟವರಲ್ಲ. ಹಿಂದಿನ ವಾರ ಯಾರೋ ಸೈಕಲ್ ಒಳಗೆ ತಂದದ್ದಕ್ಕೆ ಮೇಲಿನವರಿಂದ ಬೈಸಿಕೊಂಡಿದ್ದರು. ನಮ್ಮೆದುರೇ ಮೇಲ್ವಿಚಾರಕರಿಗೆ ಫೋನು ಮಾಡಿ ವಿಚಾರಿಸಿದರು. ಪೆಟ್ರೋಲಿನದೋ ಬ್ಯಾಟರಿಯದೋ ಎಂದು ಆ ಕಡೆಯಿಂದ ಪ್ರಶ್ನೆ ಬಂತು. ಎರಡೂ ಅಲ್ಲ, ತಳ್ಳೋದು ಎಂದು ಇವರು ಉತ್ತರಿಸಿದರು. ಹಾಗಾದರೆ ಅದು ತಳ್ಳುಗಾಡಿ, ವ್ಯಾಪಾರಕ್ಕೆ ಪಾರ್ಕಿನಲ್ಲಿ ಅವಕಾಶವಿಲ್ಲ ಎಂದು ತೀರ್ಪು ಬಂತು. ಮಾನ್ಯರೇ, ನಮ್ಮ ಬಳಿ ಇದ್ದದ್ದು ರಾಗಿ ಸರಿ, ಬಿಸಿನೀರಿನ ಫ್ಲಾಸ್ಕು, ಒಂದು ಕಟ್ಟು ಲಂಗೋಟಿ. ಇವುಗಳಲ್ಲಿ ಯಾವುದರ ವ್ಯಾಪಾರದಿಂದ ತಮ್ಮ ಪಾರ್ಕಿನ ಶಾಂತಿ ಕದಡುತ್ತಿತ್ತು?

ಜಗಳ ಬೇಡವೆಂದು ಗಾಡಿಯನ್ನು ಹೊರಗೆ ಕಾಂಪೌಂಡಿಗೆ ಒತ್ತಿ ನಿಲ್ಲಿಸಿದೆವು. ಅತ್ತೆಗೆ ಮಂಡಿನೋವು. ನಮ್ಮ ಮನೆಯ ಮುಂದಿನ ಎರಡು ಮೆಟ್ಟಿಲು ಹತ್ತುವುದಕ್ಕೂ ನನ್ನ ಭುಜ ಬೇಕು. ಗಾಡಿ ಕಾಯುತ್ತ ಕೂತಿರುತ್ತೇನೆ, ನೀವು ಕೂಸಿಗೆ ಗಿಡ ತೋರಿಸಿ ಬನ್ನಿ ಎಂದು ನಮ್ಮನ್ನು ಕಳಿಸಿದರು. ಅವರ ಪಕ್ಕದಲ್ಲಿ ಲಕ್ಷ್ಮವ್ವ ಎಂಬ ಹೆಂಗಸು ಗಾಡಿಯ ಮೇಲೆ ಸೊಪ್ಪು ಹರಡಿಕೊಂಡು ನಿಂತಿದ್ದರು. ಲಗ್ಗೆರೆಯಿಂದ ದಿನಾ ಬರುವವರು.

ನಾವು ಒಂದು ಸುತ್ತು ಮುಗಿಸುವಷ್ಟರಲ್ಲಿ ಪಾದಚಾರಿ ಮಾರ್ಗ ತೆರವು ಮಾಡುವ ತಮ್ಮ ಲಾರಿ ಬಂದಿತ್ತು. ಗೇಟಿಗೆ ಬಂದು ನೋಡಿದರೆ ಲಕ್ಷ್ಮವ್ವನವರ ಗಾಡಿ ಲಾರಿಯ ಮೇಲೆ, ಅದರ ಪಕ್ಕ ನಮ್ಮ ಹಸಿರು ಸ್ಟ್ರಾಲರ್, ಅದರ ಹಿಡಿ ಹಿಡಿದುಕೊಂಡು ನನ್ನ ಅತ್ತೆ. ಲಕ್ಷ್ಮವ್ವ ತನ್ನ ಗಾಡಿ ಬಿಡಲಾರದೆ ಲಾರಿ ಹತ್ತಿದ್ದಾರೆ, ಕೈ ಕೊಟ್ಟು ನಮ್ಮ ಅತ್ತೆಯನ್ನೂ ಎಳೆದುಕೊಂಡಿದ್ದಾರೆ. ಆ ಹೊತ್ತಿಗೆ ಮಂಡಿನೋವು ಎಲ್ಲಿಗೆ ಹೋಗಿತ್ತೋ ನನಗಂತೂ ತಿಳಿಯದು. ಇಳಿಯಿರಿ ಅಜ್ಜಿ ಎಂದು ಲಾರಿಯ ಹುಡುಗರು ಕೈಮುಗಿಯುತ್ತಿದ್ದರು.

"ಇದು ನನ್ನ ಮೊಮ್ಮಗಳ ಗಾಡಿ ಐತಿ ತಮ್ಮಾ," ಅಂದರು ಅತ್ತೆ, ಸಮಾಧಾನವಾಗಿ. "ನಾ ಇಳಿಯಂಗಿಲ್ಲ. ಇದನ್ನ ಎಲ್ಲಿಗೆ ಒಯ್ತೀರಿ, ನನ್ನೂ ಅಲ್ಲಿಗೇ ಒಯ್ಯರಿ."

ಹಿಂದೆ ಬಸ್ಸುಗಳು ಹಾರ್ನ್ ಹೊಡೆಯತೊಡಗಿದವು. ಅಜ್ಜಿಯನ್ನು ಅಷ್ಟೆತ್ತರದಲ್ಲಿ ಕಂಡು ಅನಘಾ ರಚ್ಚೆ ಹಿಡಿದಳು. ಕೊನೆಗೆ ಡ್ರೈವರ್ ಬೇಸತ್ತು, ಮಗು ಎತ್ತಿಕೊಂಡು ಮುಂದೆ ಕೂತುಬಿಡಿ ಮೇಡಂ ಅಂದರು. ಕೂತೆ. ರುದ್ರೇಶ್ ಮನೆಗೆ ಓಡಿ ಸ್ಕೂಟರ್ ತಂದು ಹಿಂಬಾಲಿಸಿದರು.

ಹೀಗೆ ನನ್ನ ಮಗಳ ಮೊದಲ ಪ್ರವಾಸ ತಮ್ಮ ಖರ್ಚಿನಲ್ಲೇ ಆಯಿತು. ವಿಜಯನಗರ ದಾಟಿ ಮೈಸೂರು ರಸ್ತೆ ಹಿಡಿದಾಗ ಅವಳು ಅಳು ನಿಲ್ಲಿಸಿದಳು. ಜ್ಞಾನಭಾರತಿಯ ಮರಗಳು ಬಂದಾಗ ಕಿಟಕಿಯ ಗಾಜಿಗೆ ಎರಡೂ ಅಂಗೈ ಒತ್ತಿ ಕೇಕೆ ಹಾಕಿದಳು. ಎದುರಿಗೆ ಬಸ್ಸು ಬಂದರೆ ಕೇಕೆ, ಮೇಲೆ ಮೆಟ್ರೋ ಹೋದರೆ ಕೇಕೆ. ಹಿಂದಿನಿಂದ ಅತ್ತೆ ಮತ್ತು ಲಕ್ಷ್ಮವ್ವ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ವಾದ ಮಾಡುವುದು ಕೇಳಿಸುತ್ತಿತ್ತು. ನನಗೆ ನಗು ಬಂತು. ಶುರುವಾದದ್ದು ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಡ್ರೈವರ್ ಗಾಬರಿಯಿಂದ ನೀರಿನ ಬಾಟಲಿ ಕೊಟ್ಟರು.

ಜಪ್ತಿ ಮಾಲಿನ ತಮ್ಮ ಅಂಗಳ ಕೆಂಗೇರಿ ಉಪನಗರದಿಂದ ಆಚೆಗಿದೆ. ತಾವು ಅಲ್ಲಿಗೆ ಹೋದಂತಿಲ್ಲ, ಹೋಗಿದ್ದರೆ ಹಾಗೆ ಬಿಡುತ್ತಿರಲಿಲ್ಲ. ದೊಡ್ಡ ಹೊಂಗೆ ಮರಗಳ ಸಾಲು, ತುಕ್ಕು ಹಿಡಿದ ಗಾಡಿಗಳ ನಡುವೆ ಮೆತ್ತಗೆ ಬೆಳೆದ ಹುಲ್ಲು, ಬೆಳ್ಳಕ್ಕಿಗಳು. ಅದನ್ನು ಮಾಡಬೇಡಿ, ಇದನ್ನು ಮುಟ್ಟಬೇಡಿ ಎನ್ನುವ ಒಂದೇ ಒಂದು ಫಲಕವಿಲ್ಲ. ಲಕ್ಷ್ಮವ್ವ ಗೋಣಿಚೀಲ ಹಾಸಿದರು, ಅದರ ಮೇಲೆ ನನ್ನ ದುಪ್ಪಟ್ಟಾ ಹಾಸಿ ಮಗುವನ್ನು ಮಲಗಿಸಿದೆ. ಅವಳು ಹೊಂಗೆ ಎಲೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಕಾಲು ಎತ್ತಿ ಮೆಲ್ಲಗೆ ಬೋರಲಾದಳು. ಅದೇ ಮೊದಲ ಸಲ. ಅತ್ತೆ ಅವಳ ದೃಷ್ಟಿ ತೆಗೆದು ನೆಟಿಗೆ ಮುರಿದರು. ಅಂಗಳದ ಗುಮಾಸ್ತರೂ ಕುರ್ಚಿ ಬಿಟ್ಟು ಎದ್ದು ಬಂದು ನೋಡಿದರು.

ನೋಡಿ ಹಿಂದಿರುಗಿದ ಅದೇ ಗುಮಾಸ್ತರು ಗಾಡಿ ಕೊಡಲಿಲ್ಲ. ವ್ಯಾಪಾರಿಯ ಗುರುತಿನ ಚೀಟಿ ಕೇಳಿದರು. ನಾವು ವ್ಯಾಪಾರಿಗಳಲ್ಲ ಎಂದು ರುದ್ರೇಶ್ ಹೇಳಿದರು.

"ಅದೇ ತೊಂದ್ರೆ ಸಾರ್. ವ್ಯಾಪಾರಿ ಆಗಿದ್ರೆ ಚೀಟಿ ತೋರಿಸಿ ಬಿಡಿಸ್ಕೋಬೋದಿತ್ತು. ವ್ಯಾಪಾರಿ ಅಲ್ದೇ ಇರೋರಿಗೆ ತಳ್ಳುಗಾಡಿ ಕೊಡೋಕೆ ಬರಲ್ಲ."

ಲಕ್ಷ್ಮವ್ವನವರ ಬಳಿ ಚೀಟಿಯಿತ್ತು. ಅವರಿಗೂ ಗಾಡಿ ಸಿಗಲಿಲ್ಲ, ಸಹಿ ಹಾಕುವವರು ರಜೆಯಲ್ಲಿದ್ದರು. ಈಗಲೂ ರಜೆಯಲ್ಲಿದ್ದಾರೆ. ಮಾನ್ಯರೇ, ಅವರು ಎಲ್ಲೇ ಇರಲಿ, ಅಲ್ಲಿ ಗಾಳಿ ಬೆಳಕು ಚೆನ್ನಾಗಿರಲಿ.

ಹೋಗುವ ಮುನ್ನ ಅತ್ತೆ ಗುಮಾಸ್ತರನ್ನು ಒಂದು ಮಾತು ಕೇಳಿದರು. ಗಾಡಿ ಹೊರಗೆ ಒಯ್ಯುವಂತಿಲ್ಲ ಸರಿ, ಒಳಗೇ ತಳ್ಳಬಹುದೋ? ಅವರು ತಲೆ ಕೆರೆದುಕೊಂಡರು. ಅದಕ್ಕೆ ನಿಯಮವೇ ಇರಲಿಲ್ಲ. ತಳ್ಳಿಕೊಳ್ಳಿ ಅಂದರು.

ಅಂದಿನಿಂದ ನಾವು ಪ್ರತಿ ಭಾನುವಾರ ಮಗುವನ್ನು ಎತ್ತಿಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗುತ್ತೇವೆ. ಅಂಗಳದಲ್ಲಿ ನಮ್ಮದೇ ಗಾಡಿಯ ಧೂಳು ಒರೆಸಿ, ಮಗುವನ್ನು ಕೂರಿಸಿ, ಮರದಿಂದ ಮರಕ್ಕೆ ತಳ್ಳಿ, ಸಂಜೆ ಗುಮಾಸ್ತರಿಗೆ ಒಪ್ಪಿಸಿ ಬರುತ್ತೇವೆ. ಅತ್ತೆ ಊರಿಗೆ ಹೋಗುವ ದಿನವನ್ನು ಮುಂದೆ ಹಾಕುತ್ತಲೇ ಇದ್ದಾರೆ. ಲಕ್ಷ್ಮವ್ವ ತಲೆಯ ಮೇಲೆ ಸೊಪ್ಪು ಹೊತ್ತು ತಂದು, ಜಪ್ತಿಯಾದ ತನ್ನ ಗಾಡಿಯ ಮೇಲೇ ಹರಡಿ ಮಾರುತ್ತಾರೆ. ನಮ್ಮನ್ನು ನೋಡಿ ಅಂಗಳದ ಅಕ್ಕಪಕ್ಕದ ಮನೆಯವರೂ ಮಕ್ಕಳನ್ನು ಕರೆತರುತ್ತಾರೆ, ಸೊಪ್ಪು ಕೊಳ್ಳುತ್ತಾರೆ. ಆದರೆ ವಾರಕ್ಕೊಂದು ದಿನದ ವ್ಯಾಪಾರದಲ್ಲಿ ಲಕ್ಷ್ಮವ್ವನವರ ಮನೆ ನಡೆಯುವುದಿಲ್ಲ. ಉಳಿದ ದಿನ ಅವರು ಬೇರೆಯವರ ಮನೆಯ ಪಾತ್ರೆ ತೊಳೆಯುತ್ತಿದ್ದಾರೆ. ನಮಗೆ ತಮಾಷೆಯಾದದ್ದು ಅವರಿಗೆ ತಮಾಷೆಯಲ್ಲ. ಇದನ್ನು ಬರೆಯುವಾಗ ನನ್ನ ನಗು ನಿಂತುಹೋಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮೊದಲು ಲಕ್ಷ್ಮವ್ವನವರ ಗಾಡಿ ಬಿಡಿ. ಸಹಿಯೇ ಬೇಕೆಂದರೆ ತಾವೇ ಹಾಕಿ. ಆಮೇಲೆ ನಮ್ಮ ಪಾರ್ಕಿನ ಗೇಟಿಗೆ ಬಂದು, ಮಗುವಿನ ಗಾಡಿ ಯಾವುದು, ಯಾವುದಲ್ಲ ಎಂದು ನಂಜುಂಡಪ್ಪನವರಿಗೆ ಬಾಯಿಮಾತಿನಲ್ಲಾದರೂ ಹೇಳಿ, ಪಾಪ ಅವರೂ ನೆಮ್ಮದಿಯಾಗಿರಲಿ. ಇವೆರಡೂ ತಮ್ಮಿಂದ ಆಗದಿದ್ದರೆ ಕೆಂಗೇರಿಯ ಅಂಗಳಕ್ಕೆ ಒಂದು ನಲ್ಲಿ, ಎರಡು ಬೆಂಚು ಹಾಕಿಸಿ.

ಉತ್ತರ ಸ್ವಲ್ಪ ಬೇಗ ಬರಲಿ. ಅನಘಾ ಈಗ ಗಾಡಿಯ ಅಂಚು ಹಿಡಿದು ಎದ್ದು ನಿಲ್ಲುತ್ತಾಳೆ. ಇನ್ನು ಕೆಲವು ತಿಂಗಳು ಕಳೆದರೆ ನಮಗೆ ಗಾಡಿ ಬೇಕಾಗುವುದಿಲ್ಲ. ಅವಳು ನಡೆಯುವುದಕ್ಕೆ ಜಾಗ ಬೇಕಾಗುತ್ತದೆ.

ಇಂತಿ,
ಉತ್ತರದ ದಾರಿ ಕಾಯುತ್ತಿರುವ
ಉಮಾಶ್ರೀ
ವಾರವೆಲ್ಲ ಬಸವೇಶ್ವರನಗರ, ಭಾನುವಾರ ಮಾತ್ರ ತಮ್ಮ ಅಂಗಳ