ಕಂದು ಅಂಚಿನ ಟೈರು

ಮಗಳೇ,

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನ ಬಾಗಿಲ ಕಡೆ ಪಂಪಿನ ಸದ್ದು ಕೇಳಿತು. ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರಲ್ಲ, ಅದೇ ಸದ್ದು. "ಚಹಾ ಆರ್ತಾ ಇದೆ, ಬನ್ರೀ" ಎಂದು ಬಾಯಿಗೆ ಬಂದೇಬಿಟ್ಟಿತು. ಒದ್ದೆ ಕೈಯಲ್ಲೇ ಓಡಿದರೆ, ಪುಟ್ಟಿ. ಬಿರುಕು ಬಿಟ್ಟ ಟೈರಿಗೆ ಅವಳು ಎಷ್ಟು ಗಾಳಿ ಹೊಡೆದರೂ ಬುಸ್ಸೆಂದು ಹೋಗುತ್ತಿತ್ತು.

ಅವಳನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದು ಹಾಗೇ ಮಲಗಿದ್ದೀಯ. ತಿಂಡಿ ಮುಚ್ಚಿಟ್ಟಿದ್ದೇನೆ, ಎದ್ದ ಕೂಡಲೇ ತಿನ್ನು.

ನೀನು ಇವತ್ತು ತರುತ್ತೇನೆಂದ ಟೈರಿನ ವಿಷಯ. ಕಂದು ಅಂಚಿನದು ಕೇಳಿದರೆ "ಈಗ ಅಂಥದ್ದು ಯಾರಮ್ಮ ಹಾಕ್ತಾರೆ" ಎಂದು ಅಂಗಡಿಯವನು ಪೂರ್ತಿ ಕಪ್ಪಗಿರುವುದನ್ನೇ ಕೊಡಲು ನೋಡುತ್ತಾನೆ. ಬೇಡ. ಎರಡೂ ಪಕ್ಕ ಕಂದು ಬಣ್ಣವೇ ಇರಬೇಕು. ಆ ಹಳೇ ಸೈಕಲ್ಲಿಗೆ ಕಪ್ಪು ಟೈರು ಎಂದರೆ ಮದುಮಗನಿಗೆ ಗಂಬೂಟು ಹಾಕಿದ ಹಾಗೆ ಎಂದು ಅಪ್ಪ ನಗುತ್ತಿದ್ದರು. ಅಳತೆ ಹಳೆಯ ಟೈರಿನ ಮೇಲೇ ಇದೆ, ಫೋಟೊ ತೆಗೆದುಕೊ.

ಆದರೆ ಇವತ್ತು ಒಬ್ಬಳೇ ಹೋಗಬೇಡ. ಅಪ್ಪ ತೀರಿಕೊಂಡ ದಿನ ಪುಟ್ಟಿಯ ಅಳು ನಿಲ್ಲಿಸಲು ನೀನು "ಅಪ್ಪ ಟೈರು ತರೋಕೆ ಹೋಗಿದ್ದಾರೆ" ಎಂದೆಯಲ್ಲ. ಬೈಯುತ್ತಿಲ್ಲ ಕಂದ, ನನಗೂ ಆಗ ಬೇರೆ ಮಾತು ಹೊಳೆದಿರಲಿಲ್ಲ. ಅವಳು ಇನ್ನೂ ಅದನ್ನೇ ನಂಬಿಕೊಂಡಿದ್ದಾಳೆ. ಸಂಜೆ ಇಬ್ಬರೂ ಅವಳ ಪಕ್ಕ ಕೂತು ನಿಜ ಹೇಳೋಣ. ಆಮೇಲೆ ಮೂವರೂ ಅಂಗಡಿಗೆ ಹೋಗೋಣ.

ನೀನು ಇವತ್ತು ಟೈರು ತರುತ್ತೀಯ ಎಂದು ನಾನು ಹೇಳಿದ್ದಕ್ಕೆ, ಬೆಳಿಗ್ಗೆ ಪುಟ್ಟಿ ಪಂಪು ಕೆಳಗಿಟ್ಟು ಕೇಳಿಯೇಬಿಟ್ಟಳು:

"ಅಮ್ಮಾ, ಟೈರು ಅಕ್ಕನೇ ತಂದ್ಬಿಟ್ರೆ, ಅಪ್ಪ ಬರೋದೇ ಇಲ್ವಾ?"